ಚೈನ್ ಸಾ ಮೂಲಕ ಹಲಗೆ ಸೀಳುವವರಿಗೆ ಸಹಾಯಕ ಎಣ್ಣೆ ಸಾಧನ

ಕಾಫಿ ವಲಯದ ಮರದ ವ್ಯಾಪಾರದಲ್ಲಿ ಸಿಲ್ವರ್ ಓಕ್‌ಗೆ ವಿಶಿಷ್ಟ ಸ್ಥಾನವಿದೆ. ಪೂರ್ವ ಆಸ್ಟ್ರೇಲಿಯ ಮೂಲದ ಈ ಮರವನ್ನು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರು ನೆರಳಿಗಾಗಿಯೂ ಕಾಳುಮೆಣಸಿನ ಬಳ್ಳಿಯ ಆಸರೆಗಾಗಿಯೂ ಬೆಳೆಸುತ್ತಾರೆ. ಲಾರಿ ಇಳಿಯಲಾರದ ಇಳಿಜಾರಿನಲ್ಲಿ ಉರುಳಿದ ದಪ್ಪ ದಿಮ್ಮಿಯನ್ನು ಮೇಲಕ್ಕೆ ಎಳೆಯುವುದಕ್ಕಿಂತ, ಬಿದ್ದಲ್ಲಿಯೇ ಹಲಗೆಯಾಗಿ ಸೀಳಿ ಹೊತ್ತು ತರುವುದು ಎಷ್ಟೋ ಸುಲಭ. ಚೈನ್ ಸಾಗೆ ಲೋಹದ ಚೌಕಟ್ಟೊಂದನ್ನು ಜೋಡಿಸಿ ಈ ಕೆಲಸ ಮಾಡುವ ವಿಧಾನಕ್ಕೆ ಅಲಾಸ್ಕನ್ ಮಿಲ್ ಎಂಬ ಹೆಸರಿದೆ.

ಈ ವಿಧಾನದಲ್ಲಿ ಮಾಲೀಕರಿಗೆ ನಷ್ಟವುಂಟುಮಾಡುವುದು ಬಹುಮಟ್ಟಿಗೆ ಒಂದೇ ಕಾರಣ: ಬಾರಿನ ತುದಿಗೆ ಸಾಕಷ್ಟು ಎಣ್ಣೆ ತಲುಪದಿರುವುದು. ಸ್ಥಳೀಯ ಅಂಗಡಿಗಳಲ್ಲಿ ದೊರೆಯುವ ಬಿಡಿಭಾಗಗಳಿಂದಲೇ ಈ ಕೊರತೆಯನ್ನು ನೀಗಿಸಬಹುದು. ಅದರ ವಿವರವನ್ನು ಇಲ್ಲಿ ನೀಡಲಾಗಿದೆ.

ಸಮಸ್ಯೆಯ ಮೂಲ

ಚೈನ್ ಸಾ ರೂಪುಗೊಂಡಿರುವುದು ಮುಖ್ಯವಾಗಿ ಮರವನ್ನು ಅಡ್ಡಲಾಗಿ ಕತ್ತರಿಸುವುದಕ್ಕೆ. ಆ ಕೆಲಸದಲ್ಲಿ ಯಂತ್ರವು ಕೆಲವು ಕ್ಷಣ ದುಡಿದು ಮತ್ತೆ ವಿರಮಿಸುತ್ತದೆ. ಹಲಗೆ ಸೀಳುವಾಗ ಹಾಗಲ್ಲ. ದಿಮ್ಮಿಯ ಉದ್ದಕ್ಕೂ ಹಲವು ನಿಮಿಷಗಳ ಕಾಲ ಪೂರ್ಣ ವೇಗದಲ್ಲಿ ಎಡೆಬಿಡದೆ ಓಡಬೇಕು. ಯಂತ್ರದೊಳಗಿನ ಪಂಪು ಎಣ್ಣೆಯನ್ನು ಬಾರಿನ ಬುಡದಲ್ಲಿ ಬಿಡುತ್ತದೆ. ಅಲ್ಲಿಂದ ಚೈನು ಅದನ್ನು ಹೊತ್ತು ತುದಿಯವರೆಗೆ ಸಾಗಿ, ತುದಿಯನ್ನು ಸುತ್ತಿ, ಮರ ಕತ್ತರಿಸುವ ಬದಿಗೆ ಹಿಂದಿರುಗುತ್ತದೆ. 16 ಅಂಗುಲದ ಬಾರಿಗೆ ಈ ಏರ್ಪಾಡು ಸಾಕು. 30 ಅಥವಾ 36 ಅಂಗುಲದ ಬಾರಿನಲ್ಲಿ ಎಣ್ಣೆಯ ಬಹುಭಾಗ ದಾರಿಯಲ್ಲಿಯೇ ಸಿಡಿದುಹೋಗುತ್ತದೆ. ಉಳಿದದ್ದನ್ನು ನಯವಾದ ಮರದ ಹುಡಿ ಹೀರಿಕೊಳ್ಳುತ್ತದೆ.

ಇದರ ಪರಿಣಾಮಗಳು ಕ್ರಮವಾಗಿ ಕಾಣಿಸಿಕೊಳ್ಳುತ್ತವೆ. ಬಾರಿನ ಅಂಚು ಬಿಸಿಯಾಗಿ ನೀಲಿಗಟ್ಟುತ್ತದೆ. ಚೈನು ಹಿಗ್ಗಿ ಸಡಿಲಗೊಳ್ಳುತ್ತದೆ. ಅಂಚು ಒಂದೇ ಬದಿಗೆ ಸವೆದಾಗ ಕೊಯ್ತ ಓರೆಯಾಗುತ್ತದೆ, ಹಲಗೆಯ ದಪ್ಪ ಒಂದು ತುದಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಚೈನಿನ ಕೊಯ್ತವು ಹೇಗೂ ಸುಮಾರು 9 ಮಿ.ಮೀ. ಮರವನ್ನು ಹುಡಿ ಮಾಡುತ್ತದೆ. ಅದರ ಮೇಲೆ ವಕ್ರವಾದ ಹಲಗೆಯನ್ನು ಸಮಗೊಳಿಸಲು ಹತ್ತರಿ ಹೊಡೆಯಬೇಕಾಗಿ ಬಂದರೆ ಲಾಭಾಂಶವೇ ಕರಗಿಹೋಗುತ್ತದೆ.

ಹೊಸ ಸಾಧನಕ್ಕೆ ಕೈಹಾಕುವ ಮೊದಲು ಎರಡು ಅಂಶಗಳನ್ನು ಪರೀಕ್ಷಿಸತಕ್ಕದ್ದು. ಬಾರಿನಲ್ಲಿರುವ ಎಣ್ಣೆಯ ರಂಧ್ರವೂ ಗಾಡಿಯೂ ಹುಡಿಯಿಂದ ಮುಚ್ಚಿರಬಾರದು. ಯಂತ್ರದ ಪಂಪಿಗೆ ಹೊಂದಾಣಿಕೆಯ ತಿರುಪು ಇದ್ದರೆ ಅದು ಗರಿಷ್ಠ ಮಟ್ಟದಲ್ಲಿರಬೇಕು. ಸಹಾಯಕ ಸಾಧನವು ಮೂಲ ಪಂಪಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ಬೇಕಾಗುವ ಸಾಮಗ್ರಿಗಳು

1. ತಿರುಪಿನ ಮುಚ್ಚಳವುಳ್ಳ, ಅರ್ಧ ಲೀಟರಿನ ದಪ್ಪ ಪ್ಲಾಸ್ಟಿಕ್ ಡಬ್ಬ. ಗಾಜು ಸರ್ವಥಾ ಬೇಡ.
2. ಮೋಟಾರ್ ಸೈಕಲ್ಲಿನ ಪೆಟ್ರೋಲ್ ಕಾಕ್ ಒಂದು.
3. ಕಾಲು ಅಂಗುಲದ ಹಿತ್ತಾಳೆಯ ನೀಡಲ್ ವಾಲ್ವ್ ಒಂದು.
4. ಪೆಟ್ರೋಲ್ ಪೈಪು ಸುಮಾರು ಅರ್ಧ ಮೀಟರ್ ಹಾಗೂ ಅದಕ್ಕೆ ಹೊಂದುವ ಕ್ಲಿಪ್ಪುಗಳು.
5. ಫ್ರಿಜ್ ದುರಸ್ತಿಯವರಲ್ಲಿ ದೊರೆಯುವ 6 ಮಿ.ಮೀ. ತಾಮ್ರದ ಕೊಳವೆ, ಒಂದು ಗೇಣು.
6. 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ, ಬೋಲ್ಟುಗಳು, ನೈಲಾನ್ ಉಂಗುರವುಳ್ಳ ನಟ್ಟುಗಳು.
7. ಸೋಸಲು ಸಣ್ಣ ಹಿತ್ತಾಳೆಯ ಜಾಲರಿ.

ಕಾಕ್ ಮತ್ತು ವಾಲ್ವ್ ಎರಡೂ ಏಕೆ ಎಂಬ ಪ್ರಶ್ನೆ ಸಹಜ. ಎಣ್ಣೆಯ ಪ್ರಮಾಣವನ್ನು ನಿಗದಿಪಡಿಸುವುದು ನೀಡಲ್ ವಾಲ್ವ್. ಅದನ್ನು ಒಮ್ಮೆ ಹೊಂದಿಸಿದ ಬಳಿಕ ಮುಟ್ಟಬಾರದು. ಕೊಯ್ತದ ಆರಂಭದಲ್ಲಿ ತೆರೆದು ಕೊನೆಯಲ್ಲಿ ಮುಚ್ಚುವುದಕ್ಕೆ ಕಾಕ್. ಒಂದೇ ವಾಲ್ವಿನಿಂದ ಎರಡೂ ಕೆಲಸ ಮಾಡಹೊರಟರೆ ಪ್ರತಿ ಹಲಗೆಗೂ ಪ್ರಮಾಣ ಬದಲಾಗುತ್ತದೆ.

ಜೋಡಣೆಯ ಕ್ರಮ

ಕಬ್ಬಿಣದ ಪಟ್ಟಿಯನ್ನು ಮಡಿಸಿ, ಮಿಲ್ಲಿನ ಹೊರತುದಿಯ ಕಂಬಕ್ಕೆ ಬಿಗಿಯುವಂತೆ ಆಧಾರವನ್ನು ತಯಾರಿಸಬೇಕು. ಡಬ್ಬವು ಬಾರಿಗಿಂತ ಸುಮಾರು ಒಂದು ಗೇಣು ಮೇಲಿರಲಿ. ಡಬ್ಬದ ತಳಕ್ಕೆ ಜಾಲರಿ ಸಹಿತ ಕಾಕ್, ಅನಂತರ ನೀಡಲ್ ವಾಲ್ವ್, ಅಲ್ಲಿಂದ ಪೈಪು, ಕೊನೆಗೆ ತಾಮ್ರದ ಕೊಳವೆ ಎಂಬುದು ಜೋಡಣೆಯ ಅನುಕ್ರಮ. ಮುಚ್ಚಳದಲ್ಲಿ ಸೂಜಿಗಾತ್ರದ ರಂಧ್ರ ಅತ್ಯಗತ್ಯ. ಗಾಳಿ ಒಳಸೇರದಿದ್ದರೆ ಎಣ್ಣೆ ಕೆಲಕ್ಷಣ ಇಳಿದು ನಿಂತುಬಿಡುತ್ತದೆ.

ಕೊಳವೆಯ ಬಾಯಿ ಎಲ್ಲಿರಬೇಕೆಂಬುದೇ ಮುಖ್ಯ. ಕತ್ತರಿಸುವ ಬದಿಯಲ್ಲಲ್ಲ, ಚೈನು ತುದಿಯತ್ತ ಸಾಗುವ ಬದಿಯಲ್ಲಿ, ತುದಿಗಿಂತ ಸುಮಾರು 5 ಸೆಂ.ಮೀ. ಮೊದಲು, ಬಾರಿನ ಅಂಚೂ ಚೈನೂ ಕೂಡುವ ಸಂದಿಯ ಮೇಲೆ ಹನಿ ಬೀಳಬೇಕು. ಆಗ ಎಣ್ಣೆ ಗಾಡಿಗೆ ಇಳಿದು, ತುದಿಯ ಚಕ್ರವನ್ನು ನೆನೆಸಿ, ಕತ್ತರಿಸುವ ಬದಿಗೆ ಹೊಸದಾಗಿ ತಲುಪುತ್ತದೆ. ಹಲ್ಲುಗಳ ಮೇಲೆಯೇ ಬಿದ್ದ ಎಣ್ಣೆ ಸಿಡಿದು ವ್ಯರ್ಥವಾಗುತ್ತದೆ. ಕೊಳವೆಯನ್ನು ಎರಡು ಕಡೆ ಬಿಗಿಯಬೇಕು. ಅದುರಿ ಚೈನಿಗೆ ಸಿಕ್ಕಿದರೆ ತಾಮ್ರದ ತುಂಡು ಕಾರ್ಮಿಕನತ್ತ ಹಾರೀತು. ಕೊಳವೆಯ ಸ್ಥಾನವನ್ನು ಸರಿಪಡಿಸುವುದು ಎಂಜಿನ್ ನಿಂತ ಮೇಲೆಯೇ.

ಪ್ರಮಾಣ ನಿಗದಿ

ಕೆಲಸದ ಸ್ಥಳದಲ್ಲಿ ಅಳತೆಯ ಲೋಟವೊಂದನ್ನು ಕೊಳವೆಯ ಕೆಳಗೆ ಹಿಡಿದು, 5 ನಿಮಿಷಕ್ಕೆ ಸುಮಾರು 25 ಮಿ.ಲೀ. ಇಳಿಯುವಂತೆ ವಾಲ್ವನ್ನು ಹೊಂದಿಸಿ ಆರಂಭಿಸಬಹುದು. ಈ ಲೆಕ್ಕದಲ್ಲಿ ಅರ್ಧ ಲೀಟರ್ ಎಣ್ಣೆ ಸುಮಾರು 100 ನಿಮಿಷದ ಕೊಯ್ತಕ್ಕೆ ಬರುತ್ತದೆ. ಬಳಿಕ ಫಲಿತಾಂಶವನ್ನು ನೋಡಿ ಹೆಚ್ಚು ಕಡಿಮೆ ಮಾಡಬೇಕು. ಕೊಯ್ತದ ನಂತರ ಬಾರಿನ ತುದಿಯಲ್ಲಿ ಎಣ್ಣೆಯ ಪಸೆ ಕಾಣದಿದ್ದರೆ ಅಥವಾ ಹೊಗೆ ಬಂದರೆ ಪ್ರಮಾಣ ಸಾಲದು. ಹಲಗೆಯ ಮೈಮೇಲೆ ಕಲೆ ಬಿದ್ದರೆ ಹೆಚ್ಚಾಗಿದೆ. ಕಲೆಯಾದ ಹಲಗೆಗೆ ಪಾಲಿಶ್ ಹಾಗೂ ಅಂಟು ಸರಿಯಾಗಿ ಹಿಡಿಯದ ಕಾರಣ ಪೀಠೋಪಕರಣ ತಯಾರಕರು ಅದನ್ನು ಒಪ್ಪುವುದಿಲ್ಲ.

ಬೆಳಗಿನ ಚಳಿಯಲ್ಲಿ ಹೊಂದಿಸಿದ ವಾಲ್ವು ಮಧ್ಯಾಹ್ನದ ಬಿಸಿಲಿನಲ್ಲಿ ಹೆಚ್ಚು ಎಣ್ಣೆ ಬಿಡುತ್ತದೆ, ಏಕೆಂದರೆ ಬಿಸಿಯಾದಂತೆ ಎಣ್ಣೆ ತೆಳುವಾಗುತ್ತದೆ. ಡಬ್ಬ ಬರಿದಾಗುತ್ತಾ ಬಂದಂತೆ ಹನಿ ನಿಧಾನಗೊಳ್ಳುವುದೂ ಸಹಜ. ಆದ್ದರಿಂದ ಉದ್ದನೆಯ ಡಬ್ಬಕ್ಕಿಂತ ಅಗಲವಾದ ಡಬ್ಬ ಲೇಸು.

ಎಣ್ಣೆಯ ಆಯ್ಕೆ

ಚೈನಿಗೆಂದೇ ತಯಾರಾದ, ಅಂಟುಗುಣವುಳ್ಳ ಎಣ್ಣೆಯೇ ಉತ್ತಮ. ಅದು ದೊರೆಯದಿದ್ದರೆ ಎಸ್.ಎ.ಇ. 30 ದರ್ಜೆಯ ಹೊಸ ಎಂಜಿನ್ ಆಯಿಲ್ ಬಳಸಬಹುದು. ಗ್ಯಾರೇಜಿನ ಹಳೆಯ ಆಯಿಲ್ ಅಗ್ಗವೆಂದು ತೋರಿದರೂ ಅದರಲ್ಲಿರುವ ಲೋಹದ ಕಣಗಳು ಬಾರನ್ನೇ ಉಜ್ಜುತ್ತವೆ; ಸತತವಾಗಿ ಚರ್ಮಕ್ಕೆ ತಗುಲಿದರೆ ಆರೋಗ್ಯಕ್ಕೂ ಹಾನಿಕರ, ತೋಟದ ಮಣ್ಣಿಗೂ ಹಾನಿಕರ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ ಮಲೆನಾಡಿನ ಬೆಳಗಿನಲ್ಲಿ ಕೊಳವೆ ಕಟ್ಟಿಕೊಳ್ಳುತ್ತದೆ. ಅಗಸೆ ಎಣ್ಣೆಯಂತಹವು ಗಾಳಿಗೆ ಒಣಗಿ ಗೋಂದಾಗುವ ಕಾರಣ ನಿಷಿದ್ಧ.

ಕೊಯ್ತದ ನಡುವೆ ಸಡಿಲಗೊಂಡ ಚೈನನ್ನು ಬಿಸಿಯಿರುವಾಗಲೇ ಬಿಗಿದರೆ, ಕೆಲಸ ಮುಗಿದೊಡನೆ ಮತ್ತೆ ಸಡಿಲಿಸಲು ಮರೆಯಬಾರದು. ತಣಿದು ಕುಗ್ಗುವ ಚೈನು ಬಾರಿಗೂ ಎಂಜಿನ್ನಿನ ಬೇರಿಂಗಿಗೂ ಅಪಾಯ ತರುತ್ತದೆ.

ಕಿರು ಉದ್ಯಮಿಗಳಿಗೆ ಅವಕಾಶ

ಅಮೆರಿಕದ ಗ್ರಾನ್‌ಬರ್ಗ್ ಮೊದಲಾದ ಸಂಸ್ಥೆಗಳು ಇಂತಹ ಸಾಧನವನ್ನು ಸಿದ್ಧರೂಪದಲ್ಲಿ ಮಾರುತ್ತಿವೆ. ನಮ್ಮ ಫ್ಯಾಬ್ರಿಕೇಷನ್ ಘಟಕಗಳಿಗೂ ಇದು ಕಷ್ಟದ ಕೆಲಸವಲ್ಲ. ಮಿಲ್ಲಿನ ಅಳತೆಗೆ ತಕ್ಕ ಆಧಾರವನ್ನು ತಯಾರಿಸಿ, ಪ್ರಮಾಣ ನಿಗದಿಯ ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸಿ, ಸೂಕ್ತ ಎಣ್ಣೆಯ ಸಹಿತ ಒದಗಿಸಿದರೆ ಗ್ರಾಹಕರು ಮರಳಿ ಬರುತ್ತಾರೆ. ಆದರೆ ಮರ ಕಡಿಯುವುದು, ಸೀಳುವುದು, ಸಾಗಿಸುವುದು ಅರಣ್ಯ ಕಾನೂನುಗಳ ಹಾಗೂ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ವ್ಯಾಪ್ತಿಗೆ ಬರುವ ವಿಷಯ. ಕೆಲಸಕ್ಕೆ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ.

ಒಂದು ಉದ್ದನೆಯ ಬಾರು ಮತ್ತು ಚೈನಿನ ಬೆಲೆಯ ಮುಂದೆ ಈ ಸಾಧನದ ಖರ್ಚು ಅತ್ಯಲ್ಪ. ಒಂದು ಬಾರಿನ ಆಯುಷ್ಯ ಹೆಚ್ಚಿದರೆ ಹಾಕಿದ ಹಣ ಮರಳುತ್ತದೆ. ದಪ್ಪದಲ್ಲಿ ಸಮನಾದ ಹಲಗೆ ಅದರ ಮೇಲಿನ ಲಾಭ.