ಬಣ್ಣ, ಮುಖ, ಭಾಷೆ ಹಿಡಿದು ಹೀಯಾಳಿಸುವುದೂ ರ‍್ಯಾಗಿಂಗ್: ಯುಜಿಸಿ ನಿಯಮದಲ್ಲಿ ಏನಿದೆ?

ಈಶಾನ್ಯ ರಾಜ್ಯಗಳ ಸಹಪಾಠಿಯನ್ನು 'ಚೈನೀಸ್' ಎಂದು ಕರೆಯುವುದು ಹಲವು ಕ್ಯಾಂಪಸ್‌ಗಳಲ್ಲಿ ಮಾಮೂಲಿ. ನೊಂದವರು ಬಾಯಿಬಿಟ್ಟರೆ 'ತಮಾಷೆಗೆ ಅಂದದ್ದು' ಎಂಬ ಉತ್ತರ ಸಿದ್ಧ.

ಇಂಥ ಗೇಲಿ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 2014ರ ಜನವರಿಯ ಘಟನೆ ಸಾಕ್ಷಿ. ದೆಹಲಿಯ ಲಜಪತ್ ನಗರದಲ್ಲಿ ಕೂದಲಿನ ಬಗ್ಗೆ ಆಡಿದ ಮಾತಿನಿಂದ ಶುರುವಾದ ಜಗಳದಲ್ಲಿ ಹಲ್ಲೆಗೊಳಗಾದ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಮೃತಪಟ್ಟರು. ಈಶಾನ್ಯದವರ ಸಮಸ್ಯೆಗಳ ಅಧ್ಯಯನಕ್ಕೆ ಕೇಂದ್ರ ಸರ್ಕಾರ ಬೇಜ್‌ಬರುವಾ ಸಮಿತಿ ರಚಿಸಿತು.

2016ರಲ್ಲಿ ಯುಜಿಸಿ ತನ್ನ ರ‍್ಯಾಗಿಂಗ್ ತಡೆ ನಿಯಮಕ್ಕೆ ತಿದ್ದುಪಡಿ ತಂದಿತು. ಬಣ್ಣ, ಜನಾಂಗ, ಜಾತಿ, ರೂಪ, ಪ್ರದೇಶ, ಭಾಷೆಯ ಕಾರಣಕ್ಕೆ ವಿದ್ಯಾರ್ಥಿಗೆ ಮಾನಸಿಕ ಹಿಂಸೆ ನೀಡುವುದು, ಗುಂಪಿನಿಂದ ಹೊರಗಿಡುವುದು ಕೂಡ ಈಗ ರ‍್ಯಾಗಿಂಗ್.

ಹೊರರಾಜ್ಯಗಳಲ್ಲಿ ಓದುವ ಕನ್ನಡಿಗರಿಗೂ ಈ ರಕ್ಷಣೆ ಇದೆ, ಪಾಲಿಸುವ ಹೊಣೆಯೂ ಇದೆ. ದೂರು ನೀಡಲು ಸಹಾಯವಾಣಿ: 1800-180-5522.