ಮರವಾದ ಮೇಲೂ ಬಗ್ಗೀತು!

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ನಾವು ಮಕ್ಕಳಿಗೆ ಬುದ್ಧಿ ಹೇಳುವುದುಂಟು. ಬಡಗಿಗಳು ಮಾತ್ರ ಈ ಗಾದೆಯನ್ನು ಒಪ್ಪಲಾರರು. ನಮ್ಮ ಮೇದಾರರು ಬಿದಿರನ್ನು ಬೆಂಕಿಗೆ ಹಿಡಿದು ಬಗ್ಗಿಸುವಂತೆ, ಬೀಚ್ ಮರದ ಕೋಲನ್ನು ಹಬೆಯಲ್ಲಿ ಬೇಯಿಸಿದರೆ ಅದೂ ಬಾಗುತ್ತದೆ. ಅಚ್ಚಿಗೆ ಬಿಗಿದು ಒಣಗಿಸಿದರೆ ಹಾಗೆಯೇ ನಿಲ್ಲುತ್ತದೆ. ಮೈಕೇಲ್ ಥೋನೆಟ್ 1859ರಲ್ಲಿ ಹೀಗೆ ಮಾಡಿದ ಹೋಟೆಲ್ ಕುರ್ಚಿಗೆ ಬೇಕಾದದ್ದು ಆರೇ ಮರದ ಭಾಗ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ!

ಆಮೇಲೆ ಪ್ಲೈವುಡ್ ಬಂತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಈಮ್ಸ್ ದಂಪತಿ ಗಾಯಾಳುಗಳ ಕಾಲಿಗೆ ಕಟ್ಟುವ ಪಟ್ಟಿಯನ್ನು ಪ್ಲೈವುಡ್ ಬಗ್ಗಿಸಿ ಮಾಡಿದರು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯಿಂದ ಕುರ್ಚಿಗಳು ಬಂದವು. ಸಿಡ್ನಿಯವರು ಇಂಥ ಕುರ್ಚಿಗಳನ್ನು ವಾರೂಂಗಾದ ರೋಸ್ ಸೈಡ್ಲರ್ ಹೌಸ್‌ನಲ್ಲಿ ನೋಡಬಹುದು. ವಿಯೆನ್ನಾದಲ್ಲಿ ಹುಟ್ಟಿದ ಹ್ಯಾರಿ ಸೈಡ್ಲರ್ ತಮ್ಮ ತಂದೆತಾಯಿಗಾಗಿ 1948-50ರಲ್ಲಿ ಕಟ್ಟಿದ ಆ ಮನೆ ಈಗ ವಸ್ತುಸಂಗ್ರಹಾಲಯ.

ಮೆಲ್ಬರ್ನಿನ ಗ್ರಾಂಟ್ ಫೆದರ್‌ಸ್ಟನ್ ಕಥೆ ನನಗೆ ಇನ್ನೂ ಇಷ್ಟ. ಪ್ಲೈವುಡ್ಡನ್ನು ಎಲ್ಲ ದಿಕ್ಕಿಗೂ ಬಾಗಿಸುವ ದೊಡ್ಡ ಯಂತ್ರ ಅವರ ಕೈಗೆಟುಕಲಿಲ್ಲ. ದರ್ಜಿ ಬಟ್ಟೆ ಕತ್ತರಿಸುವಂತೆ ಚಪ್ಪಟೆ ಹಾಳೆಯನ್ನು ಲೆಕ್ಕ ಹಾಕಿ ಕತ್ತರಿಸಿ, ಬಗ್ಗಿಸಿ, ಜೋಡಿಸಿದರು. 1951ರ ಹೊತ್ತಿಗೆ ಬೆನ್ನನ್ನು ಅಪ್ಪಿಕೊಳ್ಳುವ 'ಕಾಂಟೂರ್' ಕುರ್ಚಿ ಸಿದ್ಧವಾಯಿತು.

ಅದೇ ಊರಿನ ಇನ್ನೊಂದು ಹೆಸರು 'ಫ್ಲರ್'. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಫ್ರೆಡ್ ಲೋವೆನ್ ಮತ್ತು ಅರ್ನ್ಸ್ಟ್ ರೋಡೆಕ್ ಅವರನ್ನು 'ಶತ್ರುದೇಶದವರು' ಎಂದು 1940ರಲ್ಲಿ ಡುನೇರಾ ಹಡಗಿನಲ್ಲಿ ಇಲ್ಲಿಗೆ ಸಾಗಿಸಿ ಶಿಬಿರದಲ್ಲಿ ಕೂಡಿಹಾಕಿದ್ದರು. 1946ರಲ್ಲಿ ಇಬ್ಬರೂ ತಮ್ಮ ಹೆಸರುಗಳ ಮೊದಲಕ್ಷರ ಸೇರಿಸಿ ಕಂಪನಿ ಕಟ್ಟಿದರು. ಕೈದಿಗಳಾಗಿ ಬಂದವರು ಆಸ್ಟ್ರೇಲಿಯಾದ ಮನೆಮನೆಗೂ ಕುರ್ಚಿ ಕೊಟ್ಟರು! ಹೊರನಾಡಿನಲ್ಲಿ ನೆಲೆ ಕಂಡುಕೊಂಡ ನಮಗೆ ಇದು ಬೇರೆಯವರ ಕಥೆ ಅನ್ನಿಸುವುದಿಲ್ಲ.

ಈ ಕಾಲದ ಕುರ್ಚಿಗಳು ಸಿಡ್ನಿಯ ಕೌನ್ಸಿಲ್ ಕ್ಲೀನಪ್, ಮೆಲ್ಬರ್ನಿನ ಹಾರ್ಡ್ ರಬ್ಬಿಶ್ ರಾಶಿಗಳಲ್ಲಿ ಬಿದ್ದಿರುವುದುಂಟು. ಲಾರಿ ಬಂದು ಪುಡಿಮಾಡಿದರೆ ಮುಗಿಯಿತು. ಹಾಗಾಗಿ ಹಳೆಯ ಕುರ್ಚಿಯನ್ನು ಎಸೆಯುವ ಮುಂಚೆ ಒಮ್ಮೆ ಮಗುಚಿ ನೋಡಿ. ತಳದಲ್ಲಿ ಲೇಬಲ್ಲೋ ಮುದ್ರೆಯೋ ಇದ್ದೀತು. ಬಟ್ಟೆ ಹರಿದಿದ್ದರೆ ಹೊಸದು ಹಾಕಿಸಬಹುದು, ಸಡಿಲವಾದ ಕೀಲಿಗೆ ಅಂಟು ಹಾಕಬಹುದು. ಪ್ಲೈವುಡ್ಡನ್ನು ಮಾತ್ರ ನೀರು ಸುರಿದು ತೊಳೆಯಬೇಡಿ, ಹೀಟರ್ ಪಕ್ಕ ಇಡಬೇಡಿ, ಪದರ ಬಿಟ್ಟುಕೊಂಡೀತು.

ಎಪ್ಪತ್ತು ವರ್ಷ ದಾಟಿದ ಕುರ್ಚಿ ಇನ್ನೂ ಒಂದು ತಲೆಮಾರನ್ನು ಕೂರಿಸಿಕೊಳ್ಳಲು ಸಿದ್ಧವಿದೆ. ಎಸೆಯಲು ನಮಗೇಕೆ ಅವಸರ, ಏನಂತೀರಿ?