ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದೆಯೇ?

ಬೈಲಹೊಂಗಲ ಕಡೆಯ ಇಪ್ಪತ್ತರ ಹುಡುಗನೊಬ್ಬ ಈಚೆಗೆ ದವಾಖಾನೆಗೆ ಬಂದಿದ್ದ. ‘ಡಾಕ್ಟ್ರ, ನಿನ್ನಿ ರಾತ್ರಿಯಿಂದ ಕಿವ್ಯಾಗ ಒಂದ ಸವನ ಗುಂಯ್ ಅನ್ನಾಕತ್ತೈತ್ರಿ. ಮಂದಿ ಮಾತು ದೂರಿಂದ ಕೇಳಿದಂಗ ಆಗತೈತ್ರಿ’ ಎಂದ. ಪರೀಕ್ಷಿಸಿದೆ. ಕಿವಿ ಸೋರುತ್ತಿರಲಿಲ್ಲ, ಗುಗ್ಗೆ ಕಟ್ಟಿರಲಿಲ್ಲ, ತಮಟೆಯೂ ಸರಿಯಾಗಿತ್ತು. ‘ನಿನ್ನೆ ಎಲ್ಲಿಗೆ ಹೋಗಿದ್ದಿ ತಮ್ಮಾ?’ ಎಂದು ಕೇಳಿದಾಗ ಗುಟ್ಟು ತಿಳಿಯಿತು. ಕಾಲೇಜಿನ ಗ್ಯಾದರಿಂಗ್‌ನಲ್ಲಿ ಮೂವರ ರಾಕ್ ವಾದ್ಯಮೇಳ. ಗಿಟಾರ್, ಬೇಸ್ ಗಿಟಾರ್, ಡ್ರಮ್ಸ್, ಹಾಡಿಲ್ಲ. ಈತ ಎರಡು ತಾಸು ಸ್ಪೀಕರ್ ಮುಂದೆಯೇ ನಿಂತಿದ್ದ.

ಹಾಡಿಲ್ಲದೆ ಬರೀ ವಾದ್ಯದಿಂದ ಮಂದಿಯನ್ನು ಕುಣಿಸುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಕರಡಿ, ತಾಳ, ಸನಾದಿ ಕೂಡಿದ ಕರಡಿ ಮಜಲನ್ನು ಜಾತ್ರೆ, ಮದುವೆಗಳಲ್ಲಿ ನೀವೂ ಕೇಳಿದ್ದೀರಿ. ವಾದ್ಯ ಯಾವುದೇ ಇರಲಿ, ಕಿವಿ ಕೇಳುವ ಪ್ರಶ್ನೆ ಎರಡೇ: ಸದ್ದು ಎಷ್ಟು? ಎಷ್ಟು ಹೊತ್ತು?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿರುತ್ತವೆ. ಶಬ್ದದ ಅಲೆ ಬಂದಾಗ ಇವುಗಳ ರೋಮ ಬಾಗಿ, ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಗಾಳಿಗೆ ಬಾಗಿದ ಜೋಳದ ಪೈರು ಮರುದಿನ ತಲೆ ಎತ್ತಬಹುದು. ದನ ಹೊಕ್ಕು ಮತ್ತೆ ಮತ್ತೆ ತುಳಿದರೆ ಏಳುವುದಿಲ್ಲ. ರೋಮಕೋಶಗಳ ಕಥೆಯೂ ಹಾಗೆಯೇ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹುಟ್ಟಿಸುವ ಔಷಧಿಯೂ ಇಲ್ಲ.

ಸದ್ದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸು ತಾಳಬಹುದೆಂಬುದು ಒಂದು ಲೆಕ್ಕ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ತಾಸು, 94ಕ್ಕೆ 1 ತಾಸು, 100ಕ್ಕೆ ಬರೀ 15 ನಿಮಿಷ! ಸ್ಪೀಕರ್ ಪಕ್ಕದಲ್ಲಿ 100 ದಾಟುವುದು ಅಪರೂಪವಲ್ಲ. ಡ್ರಮ್ಸ್ ಮೀರಿ ಕೇಳಿಸಲೆಂದು ಗಿಟಾರ್‌ನವನೂ, ಅವನನ್ನು ಮೀರಲು ಬೇಸ್‌ನವನೂ ಸದ್ದು ಏರಿಸುವುದುಂಟು.

1976ರಲ್ಲಿ ಲಂಡನ್ನಿನ ‘ದಿ ಹೂ’ ತಂಡದ ಕಾರ್ಯಕ್ರಮವೊಂದು ಅತಿ ಜೋರಿನದೆಂದು ಗಿನ್ನೆಸ್ ಪುಸ್ತಕ ಸೇರಿತ್ತು. ಕಿವಿಗಳಿಗೆ ಹಾನಿಯಾದೀತೆಂದು ಆ ವಿಭಾಗವನ್ನೇ ಮುಂದೆ ಕೈಬಿಡಲಾಯಿತು. ಆ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತಮ್ಮ ಕಿವುಡು ಹಾಗೂ ಕಿವಿಯ ಮೊರೆತದ ಬಗ್ಗೆ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಹುಡುಗನ ‘ಗುಂಯ್’ ಮೂರನೆಯ ದಿನ ನಿಂತಿತು. ಆದರೆ ಸದ್ದು ನಿಂತಿತೆಂದರೆ ಹಾನಿಯೇ ಆಗಿಲ್ಲವೆಂದು ತಿಳಿಯಬೇಡಿ. ಮೊದಲು ಹೋಗುವುದು ಕೀರಲು ದನಿಗಳನ್ನು ಕೇಳುವ ಶಕ್ತಿ. ‘ಸ’, ‘ಶ’ದಂಥ ಅಕ್ಷರ ಮಸಕಾಗುತ್ತವೆ, ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಮನೆಯವರು ‘ಎಷ್ಟು ಸಲ ಕೂಗಬೇಕು?’ ಎಂದು ಸಿಡುಕುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಹಾಗಾದರೆ ಏನು ಮಾಡಬೇಕು? ಕಿತ್ತೂರು ಉತ್ಸವವಿರಲಿ, ಸವದತ್ತಿ ಯಲ್ಲಮ್ಮನ ಜಾತ್ರೆಯಿರಲಿ, ರಾಮದುರ್ಗ ತಾಲ್ಲೂಕಿನ ಗೊಡಚಿ ವೀರಭದ್ರನ ಜಾತ್ರೆಯಿರಲಿ, ಖುಷಿಯಿಂದ ಹೋಗಿ. ಇಷ್ಟು ನೆನಪಿಡಿ:

* ಒಂದು ಮಾರು ದೂರದವರೊಡನೆ ಮಾತಾಡಲು ಕೂಗಬೇಕಾದರೆ ಸದ್ದು ಹೆಚ್ಚಾಗಿದೆಯೆಂದೇ ಅರ್ಥ. ಸ್ಪೀಕರ್‌ನಿಂದ ದೂರ ಸರಿಯಿರಿ.

* ತಾಸಿಗೊಮ್ಮೆ ಹತ್ತು ನಿಮಿಷ ಸದ್ದಿಲ್ಲದ ಕಡೆ ಹೋಗಿ ಬನ್ನಿ.

* ಬರೀ ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಇಯರ್ ಪ್ಲಗ್ ಒಳ್ಳೆಯದು. ವಾದ್ಯ ನುಡಿಸುವವರಿಗಂತೂ ಬೇಕೇ ಬೇಕು. ಅವರು ದೂರ ಸರಿಯುವಂತಿಲ್ಲ.

* ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಪೀಕರ್ ಹತ್ತಿರ ನಿಲ್ಲಬೇಡಿ.

* ‘ಗುಂಯ್’ ಎಂದಾಗ ಕಾಯಿಸಿದ ಎಣ್ಣೆ ಹಾಕಬೇಡಿ, ಕಡ್ಡಿ ಆಡಿಸಬೇಡಿ. ಒಂದೆರಡು ದಿನ ಕಿವಿಗೆ ವಿಶ್ರಾಂತಿ ಕೊಡಿ. ಆಮೇಲೂ ಉಳಿದರೆ ವೈದ್ಯರಿಗೆ ತೋರಿಸಿ.

ಕೊನೆಯದಾಗಿ ಒಂದು ಎಚ್ಚರಿಕೆ. ಒಂದು ಕಿವಿ ಥಟ್ಟನೆ ಕೇಳದಂತಾದರೆ, ಜೊತೆಗೆ ತಲೆ ಸುತ್ತು ಬಂದರೂ ಬರದಿದ್ದರೂ, ‘ನಾಳೆ ನೋಡೋಣ’ ಎನ್ನದೆ ಅಂದೇ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ. ಇಂಥ ಕಿವುಡಿಗೆ ಚಿಕಿತ್ಸೆಯಿದೆ, ಬೇಗ ಶುರುವಾದಷ್ಟೂ ಗುಣ ಹೆಚ್ಚು. ಎರಡು ವಾರ ಕಳೆದ ಮೇಲೆ ಬಂದರೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.